ಎರಡೂವರೆ ವರ್ಷಕ್ಕೆ ಮೂರನೇ ಬ್ಯಾಟರಿ, ಮಳೆ ಬಂದ್ರೆ ಫ್ಯೂಸ್ ಢಮಾರ್: ಸ್ಕೂಟರ್ ವೈರಿಂಗ್ ಬಲ್ಲವರು ಹೇಳಿ

ಕಡಲತಡಿ_ಸವಾರ
110 ಸಿಸಿ ಗೇರ್‌ಲೆಸ್ ಸ್ಕೂಟರ್, 2015ರ ಮಾಡೆಲ್, ಕಾರ್ಬುರೇಟರ್ ಗಾಡಿ. ಉಡುಪಿ ಕಡೆ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಸಹ ಇಲ್ಲ. ತೊಂದರೆ ಮೂರು ಉಂಟು. ಬ್ಯಾಟರಿ (12 ವೋಲ್ಟ್, 4 ಎಎಚ್ ಅಂದ್ರೆ ಆಂಪಿಯರ್-ಗಂಟೆ, ಸೀಲ್ಡ್) ವರ್ಷ ತುಂಬುವ ಮೊದಲೇ ಸಾಯ್ತದೆ. ಈಗ ಇರುವುದು ಮೂರನೆಯದು, ಅದೂ ಹೋದ ಹಾಗೆಯೇ. 10 ಆಂಪಿಯರ್ ಮೇನ್ ಫ್ಯೂಸ್ ಆಗಾಗ ಹಾರ್ತದೆ, ಮಳೆಗಾಲದಲ್ಲಿ ಜಾಸ್ತಿ. ಹೆಡ್‌ಲೈಟ್ ಬಲ್ಬ್ ಮೂರು ತಿಂಗಳು ಬಾಳಿದ್ರೆ ಹೆಚ್ಚು. ಒಂದು ಗ್ಯಾರೇಜಿನವರು ಬ್ಯಾಟರಿ ಹಾಕಿ ಅಂತಾರೆ, ಇನ್ನೊಂದರವರು ಪೂರ್ತಿ ವೈರಿಂಗ್ ಕಿಟ್ ಬದಲಿಸಿ ಅಂತಾರೆ. ಕಿಕ್ ಹೊಡೆದ್ರೆ ಗಾಡಿ ಸ್ಟಾರ್ಟ್ ಆಗ್ತದೆ. ಮಲ್ಟಿಮೀಟರ್ ಉಂಟು, ಹಿಡಿಲಿಕ್ಕೆ ಬರ್ತದೆ. ಎಲ್ಲಿಂದ ಶುರು ಮಾಡುದು ಮಾರಾಯ್ರೆ?

ಜಯನಗರ_ನಾಲ್ಕನೇ_ಬ್ಲಾಕ್
ಸಿಂಪಲ್ ಗುರು. ದಿನಾ ಎರಡು ಕಿಲೋಮೀಟರ್ ಓಡಿಸಿ ಹತ್ತು ಸಲ ಸೆಲ್ಫ್ ಒತ್ತಿದ್ರೆ ಯಾವ ಬ್ಯಾಟರಿನೂ ಬಾಳಲ್ಲ. ಬೆಳಿಗ್ಗೆ ಮೊದಲ ಸ್ಟಾರ್ಟು ಕಿಕ್‌ನಲ್ಲಿ ಮಾಡಿ, ಮುಗೀತು.

ಮೀಟರ್_ಮಾಮ
ಈ ಮಾತು ಎಲ್ಲ ಕಡೆ ಕೇಳುತ್ತೇವೆ, ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಸೆಲ್ಫ್ ಮೋಟಾರ್ 40 ಆಂಪಿಯರ್ ಎಳೆಯಿತು, ಮೂರು ಸೆಕೆಂಡು ಒತ್ತಿದಿರಿ ಅಂತಿಟ್ಟುಕೊಳ್ಳಿ: 120 ಆಂಪಿಯರ್-ಸೆಕೆಂಡು ಖರ್ಚು. ಚಾರ್ಜಿಂಗ್ ಬರೀ ಅರ್ಧ ಆಂಪಿಯರ್ ಬಂದರೂ ನಾಲ್ಕು ನಿಮಿಷಕ್ಕೆ ಅದು ವಾಪಸ್. ಚಾರ್ಜಿಂಗ್ ಸರಿಯಿದ್ದ ಗಾಡಿಗೆ ಎರಡು ಕಿಲೋಮೀಟರ್ ಓಡಾಟ ಅಂಥ ದೊಡ್ಡ ಶತ್ರುವೇನಲ್ಲ. ಚೋಕ್ ಎಳೆಯದೆ ಹದಿನೈದು ಸೆಕೆಂಡು ಕಿರ್ರ್ ಅನ್ನಿಸುವವರ ವಿಷಯ ಬೇರೆ.

ಕಡಲತಡಿಯವರೇ, ನೀವು ಹೇಳಿದ ಮೂರರಲ್ಲಿ ನನ್ನ ಕಿವಿ ನೆಟ್ಟಗಾಗಿದ್ದು ಬಲ್ಬ್ ವಿಷಯಕ್ಕೆ. ನಿಮ್ಮ ಕಾಲದ ಕಾರ್ಬುರೇಟರ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ, ಇಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ಟಿನ ಕಾಯಿಲ್‌ನಿಂದ ನೇರ ಎಸಿ ಬರುತ್ತದೆ. ಬ್ಯಾಟರಿಯೂ ಸಾಯುತ್ತದೆ, ಬಲ್ಬೂ ಸಾಯುತ್ತದೆ ಎಂದರೆ ಎರಡಕ್ಕೂ ಸಮಾನವಾದದ್ದು ಒಂದೇ, ಆರ್‌ಆರ್ (ರೆಕ್ಟಿಫೈಯರ್ ರೆಗ್ಯುಲೇಟರ್). ಬ್ಯಾಟರಿಗೆ ಎಸಿಯನ್ನು ಡಿಸಿ ಮಾಡಿ ಕೊಡುವುದೂ ಅದೇ, ಹೆಡ್‌ಲೈಟಿಗೆ ಹೋಗುವ ಎಸಿಗೆ ಮೂಗುದಾರ ಹಾಕುವುದೂ ಅದೇ. ಕೊಂಡುಕೊಳ್ಳುವ ಮೊದಲು ಈ ಅಂಕಿಗಳನ್ನು ತೆಗೆದು ಹಾಕಿ:

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ಆಫ್, ಬ್ಯಾಟರಿ ವೋಲ್ಟೇಜ್ ಎಷ್ಟು? 12.7ರ ಮೇಲಿದ್ದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.0ಕ್ಕಿಂತ ಕೆಳಗೆ ಖಾಲಿ. ಸೆಲ್ಫ್ ಒತ್ತಿ ಹಿಡಿದಾಗ ಎಷ್ಟಕ್ಕೆ ಇಳಿಯುತ್ತದೆ? 10ರ ಆಸುಪಾಸು ಇದ್ದರೆ ಪರವಾಗಿಲ್ಲ, 9ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯ ಒಳಗೇ ಕಸುವಿಲ್ಲ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ. ಐಡಲ್‌ನಲ್ಲಿ ಎಷ್ಟು, ಸ್ವಲ್ಪ ರೇಸ್ ಕೊಟ್ಟಾಗ ಎಷ್ಟು? ರೇಸ್‌ನಲ್ಲಿ 13.8ರಿಂದ 14.8ರ ಒಳಗಿರಬೇಕು. 13 ದಾಟದಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ಬ್ಯಾಟರಿಯನ್ನು ಬೇಯಿಸುತ್ತಿದೆ.

ಒಂದು ಎಚ್ಚರ: ಮೀಟರಿನ ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿ ಇದ್ದಾಗ ವೋಲ್ಟೇಜ್ ನೋಡಲು ಹೋಗಬೇಡಿ. ಅದು ಬ್ಯಾಟರಿಯ ಎರಡು ತುದಿಗೆ ಸರಿಗೆ ಇಟ್ಟ ಹಾಗೆ.

ಹುಬ್ಬಳ್ಳಿ_ಆಟೋ_ಎಲೆಕ್ಟ್ರಿಕ್
ಅದೆಲ್ಲಾ ಖರೇ ಐತ್ರಿ, ಆದ್ರ ಮೊದ್ಲ ಲೀಕೇಜ್ ನೋಡ್ರಿ. ಗಾಡಿ ನಿಂತಾಗ ಬ್ಯಾಟರಿ ಸೋರಾಕತ್ತಿರ್ತೈತಿ. ಕೀ ಆಫ್ ಮಾಡಿ ಮೈನಸ್ ವೈರ್ ಬಿಚ್ಚಿ, ಬ್ಯಾಟರಿ ಮೈನಸ್‌ಗೂ ಬಿಚ್ಚಿದ ವೈರಿಗೂ ನಡುವ ಮೀಟರ್ ಹಿಡೀರಿ. ಮೊದ್ಲ 10 ಆಂಪಿಯರ್ ರೇಂಜ್, ಏನೂ ಕಾಣಲಿಲ್ಲಂದ್ರ 200 ಮಿಲಿಆಂಪಿಯರ್‌ಗೆ ಇಳಿಸ್ರಿ. ಮೀಟರ್ ನಡುವ ಇರುವಾಗ ಕೀ ತಿರುವಬ್ಯಾಡ್ರಿ, ಸೆಲ್ಫ್ ಅಂತೂ ಮುಟ್ಟಬ್ಯಾಡ್ರಿ, ಮೀಟರಿನ ಒಳಗಿನ ಫ್ಯೂಸ್ ಹೊಕ್ಕೈತಿ. ಕಾರ್ಬುರೇಟರ್ ಗಾಡಿಗೆ ಒಂದು ಮಿಲಿಆಂಪಿಯರ್ ದಾಟಬಾರದು. 30 ಮಿಲಿಆಂಪಿಯರ್ ಲೀಕ್ ಇತ್ತಂದ್ರ ದಿನಕ್ಕ 0.72 ಎಎಚ್ ಹೋತು, 4 ಎಎಚ್ ಬ್ಯಾಟರಿ ಐದಾರು ದಿನಕ್ಕ ಮಕಾಡೆ. ಲೀಕ್ ಕಂಡ್ರ ಆರ್‌ಆರ್ ಕಪ್ಲರ್ (ವೈರ್ ಸೇರಿಸೋ ಪ್ಲಾಸ್ಟಿಕ್ ಪ್ಲಗ್) ಎಳೀರಿ. ಸೊನ್ನೆ ಆತಂದ್ರ ಆರ್‌ಆರ್ ಒಳಗಿನ ಡಯೋಡ್ (ಕರೆಂಟ್ ಒಂದೇ ಕಡೆ ಬಿಡೂ ಭಾಗ) ಉಲ್ಟಾ ಸೋರಾಕತ್ತೈತಿ ಅಂತ ತಿಳೀರಿ. ನನ್ನ ಬೆಟ್ ಅದರ ಮ್ಯಾಲ ಐತಿ.

ಶಿರಸಿ_ಮಳೆನಾಡು
ಹೊರಗಿನಿಂದ ಹಾಕಿಸಿದ್ದು ಏನಾದರೂ ಇದೆಯಾ? ಅಲಾರಂ, ಮೊಬೈಲ್ ಚಾರ್ಜರ್, ಜಿಪಿಎಸ್ ಟ್ರ್ಯಾಕರ್, ರಿವರ್ಸ್ ಹಾರ್ನ್ ಥರದ್ದು. ಅವನ್ನು ಕೀ ದಾಟಿ ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ. ಲೀಕ್ ಎಂದರೆ ಹತ್ತರಲ್ಲಿ ಐದು ಸಲ ಅವೇ.

ತುಮಕೂರು_ತೆಂಗು
ಸ್ಕೂಟರಿಗೆ ರಿವರ್ಸ್ ಹಾರ್ನ್ ಯಾರು ಹಾಕ್ತಾರೆ ಸ್ವಾಮಿ 😄

ಶಿರಸಿ_ಮಳೆನಾಡು
ಹಾಕುವವರು ಇದ್ದಾರೆ, ಕೇಳಬೇಡಿ.

ಜಯನಗರ_ನಾಲ್ಕನೇ_ಬ್ಲಾಕ್
ಇಷ್ಟೆಲ್ಲ ತಲೆನೋವು ಯಾಕೆ, 7 ಎಎಚ್ ಬ್ಯಾಟರಿ ಹಾಕಿಸ್ಕೊಳ್ಳಿ. ದೊಡ್ಡ ಟ್ಯಾಂಕ್ ಅಂದ್ರೆ ಜಾಸ್ತಿ ದಿನ.

ಮೀಟರ್_ಮಾಮ
ತಳ ತೂತಾದ ಕೊಡ ದೊಡ್ಡದಾದರೆ ಲಾಭವೇನು? ಸೋರುತ್ತಿದ್ದರೆ ನಾಲ್ಕು ದಿನ ತಡವಾಗಿ ಖಾಲಿಯಾಗುತ್ತದೆ, ಅಷ್ಟೇ. ಓವರ್‌ಚಾರ್ಜ್ ಆಗುತ್ತಿದ್ದರೆ ದುಡ್ಡು ಜಾಸ್ತಿ ಕೊಟ್ಟ ಬ್ಯಾಟರಿ ಬೇಯುತ್ತದೆ. ಡಬ್ಬದಲ್ಲಿ ಕೂರುವುದೂ ಇಲ್ಲ, ಮುಚ್ಚಳ ಒತ್ತಿ ಪ್ಲಸ್ ಟರ್ಮಿನಲ್ ತಗಡಿಗೆ ತಾಗಿದರೆ ಅದು ಇನ್ನೊಂದು ರಾಮಾಯಣ.

ಕಡಲತಡಿ_ಸವಾರ
ನೋಡಿದೆ. ಹೊರಗಿನದ್ದು ಎಂತದ್ದೂ ಹಾಕಿಸಿಲ್ಲ.
ರಾತ್ರಿ ಕಳೆದ ಮೇಲೆ: 12.1
ಸೆಲ್ಫ್ ಒತ್ತಿದಾಗ: 8.2, ಟಿಕ್ ಟಿಕ್ ಅಂತದೆ ಅಷ್ಟೆ
ಐಡಲ್: 13.4
ರೇಸ್: 15.4, ಒಮ್ಮೊಮ್ಮೆ 15.6
ಲೀಕ್: 0.4 ಮಿಲಿಆಂಪಿಯರ್
ಬ್ಯಾಟರಿಯ ಹೊಟ್ಟೆ ಸ್ವಲ್ಪ ಉಬ್ಬಿದ ಹಾಗೆ ಕಾಣ್ತದೆ.

ಹುಬ್ಬಳ್ಳಿ_ಆಟೋ_ಎಲೆಕ್ಟ್ರಿಕ್
ನಾ ಬೆಟ್ ಸೋತೆ. 0.4 ಲೀಕ್ ಅಲ್ಲೇ ಅಲ್ಲ. 15.6 ಅಂದ್ರ ಆರ್‌ಆರ್ ಹೋಗೈತಿ, ಬದಲಿ ಮಾಡ್ರಿ. ನಾಲ್ಕು ಪಿನ್ನಿಂದು ತಗೋರಿ, ಪಿನ್ ಜೋಡಣಿ ಹಳೇದಕ್ಕ ತಾಳೆ ನೋಡೇ ತಗೋರಿ. ಕಪ್ಲರ್ ಕೂಡ್ತೈತಿ ಅಂದ ಮಾತ್ರಕ್ಕ ಒಳಗಿನ ಜೋಡಣಿ ಒಂದೇ ಇರೂದಿಲ್ಲ.

ಮೀಟರ್_ಮಾಮ
ತಡೆಯಿರಿ, ಇನ್ನೂ ಅಂಗಡಿಗೆ ಹೋಗಬೇಡಿ. ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಅಂದಿದ್ದಾರಲ್ಲ.

ಆರ್‌ಆರ್ ತನ್ನ ಅರ್ಥ್ ಪಿನ್ನನ್ನು (ಫ್ರೇಮಿಗೂ ಬ್ಯಾಟರಿ ಮೈನಸ್ಸಿಗೂ ಸೇರುವ ತಂತಿಯದ್ದು) ಸೊನ್ನೆ ಎಂದು ಭಾವಿಸಿ ಅಲ್ಲಿಂದ ಮೇಲಕ್ಕೆ ವೋಲ್ಟೇಜ್ ಅಳೆಯುತ್ತದೆ. ಆ ತಂತಿಯಲ್ಲೋ ಕಪ್ಲರಿನಲ್ಲೋ ಫ್ರೇಮಿಗೆ ಬಿಗಿದ ಬೋಲ್ಟಿನಲ್ಲೋ ಕಿಲುಬು ಹಿಡಿದರೆ ನಡುವೆ ಒಂದು ವೋಲ್ಟ್ ನುಂಗಿಹೋಗುತ್ತದೆ. ಆಗ ಬ್ಯಾಟರಿಯಲ್ಲಿ 15.4 ಇದ್ದರೂ ಆರ್‌ಆರ್ ಕಣ್ಣಿಗೆ ಕಾಣುವುದು 14 ಚಿಲ್ಲರೆ. ಅದು ಪಾಪ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ. ಹೆಡ್‌ಲೈಟ್ ಕಡೆಯೂ ಇದೇ ಕಥೆ. ಹೆಚ್ಚಾದ ಎಸಿಯನ್ನು ಆರ್‌ಆರ್ ಸುರಿಯುವುದು ಈ ಅರ್ಥ್ ತಂತಿಗೇ. ದಾರಿ ಕಟ್ಟಿದರೆ ಸುರಿಯಲು ಜಾಗವಿಲ್ಲ, ಬಲ್ಬಿನ ಎಳೆ ಅದನ್ನು ತಿನ್ನಬೇಕು. ಹೊಸ ಆರ್‌ಆರ್ ಹಾಕಿದರೂ ಅದೇ ಕೊಳೆತ ಕಪ್ಲರಿಗೆ ಚುಚ್ಚಿದರೆ ಫಲಿತಾಂಶ ಅದೇ.

ಪರೀಕ್ಷೆ ಸುಲಭ. ಮೀಟರ್ ಡಿಸಿ ವೋಲ್ಟ್‌ನಲ್ಲಿ, ಕಪ್ಪು ವೈರ್ ಬ್ಯಾಟರಿಯ ಮೈನಸ್ ಟರ್ಮಿನಲ್ಲಿಗೆ, ಕೆಂಪು ವೈರನ್ನು ಆರ್‌ಆರ್ ಕಪ್ಲರಿನ ಹಿಂಬದಿಯಿಂದ ಅರ್ಥ್ ಪಿನ್ನಿಗೆ (ಗುಂಡುಪಿನ್ನು ತೂರಿಸಿ, ಕಪ್ಲರ್ ಬಿಚ್ಚದೆ). ಇಂಜಿನ್ ಓಡುತ್ತಿರಲಿ, ರೇಸ್ ಕೊಡಿ. 0.2 ವೋಲ್ಟ್ ದಾಟಬಾರದು. ಹೆಡ್‌ಲೈಟ್ ಆಫ್ ಮಾಡಿಯೂ ನೋಡಿ, ಆಗ ಸುರಿಯುವ ಕರೆಂಟ್ ಜಾಸ್ತಿ.

ಪೀಣ್ಯ_ವೈಂಡಿಂಗ್
+1. ಓಂ ರೇಂಜ್‌ನಲ್ಲಿ ಅರ್ಥ್ ಚೆಕ್ ಮಾಡೋದು ದಂಡ. ಹತ್ತೆಳೆಯಲ್ಲಿ ಒಂದೆಳೆ ಉಳಿದಿದ್ರೂ ಮೀಟರ್ ಪೀಪ್ ಅನ್ನತ್ತೆ. ಕರೆಂಟ್ ಹರಿಯುವಾಗ ವೋಲ್ಟ್ ನೋಡಿದ್ರೆ ಮಾತ್ರ ಸತ್ಯ ಗೊತ್ತಾಗೋದು.

ತುಮಕೂರು_ತೆಂಗು
ಅರ್ಥ್ ತಂತಿ ಅಂದರೆ ಹಸಿರು ಅಲ್ಲವಾ?

ಪೀಣ್ಯ_ವೈಂಡಿಂಗ್
ಹಸಿರು ಅನ್ನೋದು ಹೋಂಡಾ ಪದ್ಧತಿ. ಯಮಹಾದಲ್ಲಿ ಕಪ್ಪು, ಸುಜುಕಿಯಲ್ಲಿ ಕಪ್ಪಿನ ಮೇಲೆ ಬಿಳಿ ಗೆರೆ. ಹೋಂಡಾದಲ್ಲಿ ಕಪ್ಪು ಅಂದ್ರೆ ಕೀ ಆನ್ ಆದ ಮೇಲೆ ಬರೋ ಪ್ಲಸ್! ಬಣ್ಣ ನಂಬಿ ಒಂದರ ಕಪ್ಪನ್ನು ಇನ್ನೊಂದರ ಥರ ಫ್ರೇಮಿಗೆ ಬಿಗಿದ್ರೆ ಕೀ ತಿರುಗಿಸಿದ ಕ್ಷಣ ಫ್ಯೂಸ್ ಕಥೆ ಮುಗೀತು. ವರ್ಷಗಟ್ಟಲೆ ಬಿಸಿಲು ತಿಂದ ತಂತಿಯ ಬಣ್ಣ ಬೇರೆ ನಂಬೋ ಹಾಗಿರಲ್ಲ, ಮೀಟರ್ ಹಾಕಿ ಖಾತ್ರಿ ಮಾಡ್ಕೊಳ್ಳಿ.

ಕಡಲತಡಿ_ಸವಾರ
1.3 ವೋಲ್ಟ್!! ಲೈಟ್ ಆಫ್ ಮಾಡಿದ್ರೆ 1.5. ಕಪ್ಲರ್ ಎಳೆದು ನೋಡಿದ್ರೆ ಒಳಗೆ ಹಸಿರು ಪುಡಿ, ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿ ಪ್ಲಾಸ್ಟಿಕ್ ಕರಗಿದ ಹಾಗೆ ಉಂಟು.

ತುಮಕೂರು_ತೆಂಗು
ಅರ್ಥ ಇಲ್ಲದ್ದಕ್ಕೇ ಇಷ್ಟೆಲ್ಲ ಅನರ್ಥ.

ಮೀಟರ್_ಮಾಮ
ತೆಂಗಿನವರೇ, ಇದಕ್ಕೆ ಒಂದು ಕಾಯಿ ಒಡೆಯಬೇಕು 🙏

ಕರಗಿದ ಪಿನ್ನನ್ನು ಉಜ್ಜಿ ಉಳಿಸಿಕೊಳ್ಳಲು ಹೋಗಬೇಡಿ, ಅದರ ಸ್ಪ್ರಿಂಗ್ ಹಿಡಿತ ಹೋಗಿರುತ್ತದೆ. ಹೊಸ ಕಪ್ಲರೂ ಟರ್ಮಿನಲ್ಲೂ ಬಿಡಿಯಾಗಿ ಸಿಗುತ್ತವೆ. ತಂತಿಯನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಿ, ತಾಮ್ರ ಹೊಳೆಯುವ ಜಾಗ ಸಿಗುವವರೆಗೆ. ಉಪ್ಪುಗಾಳಿಯ ಊರಿನಲ್ಲಿ ಕಿಲುಬು ಸಿಪ್ಪೆಯೊಳಗೇ ನಾಲ್ಕೈದು ಇಂಚು ಹತ್ತಿರುತ್ತದೆ, ಕಪ್ಪು ತಾಮ್ರಕ್ಕೆ ಟರ್ಮಿನಲ್ ಒತ್ತಿದರೆ ಆರು ತಿಂಗಳಿಗೆ ಮತ್ತೆ ಇದೇ ಪಾಡು. ಜೊತೆಗೆ ಆರ್‌ಆರ್ ಅರ್ಥ್ ಪಿನ್ನಿನಿಂದ ಒಂದು ಹೆಚ್ಚುವರಿ ತಂತಿ, 1.5 ಚದರ ಮಿಲಿಮೀಟರಿನದ್ದು, ನೇರ ಬ್ಯಾಟರಿ ಮೈನಸ್‌ಗೆ ಎಳೆದುಬಿಡಿ. ಫ್ರೇಮ್ ಬೋಲ್ಟಿನ ಕೆಳಗಿನ ಬಣ್ಣ ಮರಳುಕಾಗದದಲ್ಲಿ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಮೊದಲೇ ಸವರಿ ಬಿಗಿಯುವುದಲ್ಲ.

ಹುಬ್ಬಳ್ಳಿ_ಆಟೋ_ಎಲೆಕ್ಟ್ರಿಕ್
ಮಾಮಾರ, ಒಪ್ಪಿದೆ. ಆದ್ರ ಫ್ಯೂಸ್? ಅರ್ಥ್ ಕೆಟ್ಟಿದ್ದಕ್ಕ ಫ್ಯೂಸ್ ಹಾರೂದಿಲ್ಲ.

ಮೀಟರ್_ಮಾಮ
ಸರಿಯಾದ ಮಾತು. ಅದು ಬೇರೆಯೇ ಕಾಯಿಲೆ. ಎರಡನ್ನೂ ಒಂದೇ ಎಂದುಕೊಂಡಿದ್ದಕ್ಕೇ ಗ್ಯಾರೇಜಿನವರು ಕಿಟ್ ಬದಲಿಸಿ ಎಂದಿರುವುದು. ಹೆಡ್‌ಲೈಟಿನ ಎಸಿ ಈ ಫ್ಯೂಸ್ ದಾಟಿ ಬರುವುದಿಲ್ಲ, ಅದನ್ನು ಪಟ್ಟಿಯಿಂದ ತೆಗೆದುಹಾಕಿ. ಸೆಲ್ಫ್ ಮೋಟಾರಿನ ದಪ್ಪ ತಂತಿಯೂ ಫ್ಯೂಸಿನ ಆಚೆ. ಉಳಿದದ್ದು ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಪೆಟ್ರೋಲ್ ಮುಳ್ಳು, ಸೆಲ್ಫ್ ರಿಲೇ, ಮತ್ತು ಇವೆಲ್ಲಕ್ಕೆ ಹೋಗುವ ತಂತಿ.

ಪೀಣ್ಯ_ವೈಂಡಿಂಗ್
ಫ್ಯೂಸ್ ಮೇಲೆ ಫ್ಯೂಸ್ ಸುಟ್ಟು ಹುಡುಕಬೇಡಿ. 21 ವಾಟಿನ 12 ವೋಲ್ಟ್ ಬ್ರೇಕ್ ಬಲ್ಬ್ ಒಂದು, ಹೋಲ್ಡರ್, ಎರಡು ತುಂಡು ವೈರ್. ಫ್ಯೂಸ್ ಕಿತ್ತು ಅದರ ಎರಡು ಕಾಲಿನ ಜಾಗಕ್ಕೆ ಈ ಬಲ್ಬಿನ ಎರಡು ವೈರ್ ಸಿಕ್ಕಿಸಿ. ಎಲ್ಲಿ ಶಾರ್ಟ್ ಆದ್ರೂ 1.75 ಆಂಪಿಯರ್‌ಗಿಂತ ಜಾಸ್ತಿ ಹರಿಯಲ್ಲ, ಏನೂ ಸುಡಲ್ಲ. ಬಲ್ಬ್ ಪೂರ್ತಿ ಉರಿದ್ರೆ ಶಾರ್ಟ್.

ಕೀ ಆಫ್ ಇದ್ದಾಗಲೇ ಉರಿದ್ರೆ ಫ್ಯೂಸಿನಿಂದ ಕೀ ತನಕದ ತಂತಿ. ಕೀ ಆನ್ ಮಾಡಿ ಒಂದೊಂದೇ ಆಡಿಸಿ: ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಎರಡೂ ಬ್ರೇಕ್. ಆಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಸೀಟ್ ಎತ್ತಿ ಇಳಿಸಿ. ಹಿಂದಿನ ಮಡ್‌ಗಾರ್ಡ್ ಅಲುಗಾಡಿಸಿ. ಯಾವ ಚಲನೆಗೆ ಬಲ್ಬ್ ಧಗ್ ಅನ್ನತ್ತೋ ಕಳ್ಳ ಅಲ್ಲಿದಾನೆ. ಒಣಗಿದ್ದಾಗ ಸಿಗದಿದ್ರೆ ಸ್ಪ್ರೇ ಬಾಟಲಿಯಲ್ಲಿ ನೀರು ಹಾಕ್ಕೊಂಡು ಒಂದೊಂದು ಜಾಗಕ್ಕೆ ಚಿಮುಕಿಸಿ. ಪೈಪಲ್ಲಿ ಹೊಡೀಬೇಡಿ.

ಶಿರಸಿ_ಮಳೆನಾಡು
ಒಂದು ತಿದ್ದುಪಡಿ. ಬ್ರೇಕ್ ಹಿಡಿದಾಗ ಹಿಂದಿನ ಬ್ರೇಕ್ ಬಲ್ಬೂ 21 ವಾಟ್, ಎರಡೂ ಸಾಲಾಗಿ ಸೇರಿ ಮಂದವಾಗಿ ಉರಿಯುತ್ತವೆ. ಅದು ಶಾರ್ಟ್ ಅಲ್ಲ. ಹಾರ್ನ್ ಒತ್ತಿದರಂತೂ ಟೆಸ್ಟ್ ಬಲ್ಬ್ ಜೋರಾಗಿಯೇ ಉರಿದು ಹಾರ್ನ್ ಕಪ್ಪೆಯ ಹಾಗೆ ಗೊರ್ ಎನ್ನುತ್ತದೆ, ಅದೂ ಶಾರ್ಟ್ ಅಲ್ಲ. ಹಾರ್ನ್ ಮೇಲೆ ಅನುಮಾನವಿದ್ದರೆ ವೈರ್ ಕಿತ್ತು ಒತ್ತಿ ನೋಡಿ.

ಪೀಣ್ಯ_ವೈಂಡಿಂಗ್
ಹೌದು, ಅದನ್ನ ಬರೆಯೋದು ಬಿಟ್ಟೆ.

ಜಯನಗರ_ನಾಲ್ಕನೇ_ಬ್ಲಾಕ್
ಅಲ್ಲಿ ತನಕ 15 ಅಥವಾ 20 ಆಂಪಿಯರ್ ಫ್ಯೂಸ್ ಹಾಕಿ ಓಡಿಸಬಹುದಲ್ವಾ?

ಹುಬ್ಬಳ್ಳಿ_ಆಟೋ_ಎಲೆಕ್ಟ್ರಿಕ್
ಬ್ಯಾಡ್ರಿ ಯಪ್ಪಾ. ಆ ತೆಳ್ಳನ ವೈರಿಗಿಂತ ಮೊದ್ಲ ಫ್ಯೂಸ್ ಸಾಯಲಿ ಅಂತನ 10 ಇಟ್ಟಿರೂದು. 20 ಹಾಕಿದ್ರಿ ಅಂದ್ರ ಫ್ಯೂಸ್ ಉಳೀತೈತಿ, ವೈರ್ ಸುಡತೈತಿ, ಅದೂ ಪೆಟ್ರೋಲ್ ಟ್ಯಾಂಕಿನ ಬಾಜೂಕ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳಿ ಸುತ್ತಿದ ಫ್ಯೂಸ್ ವಾರಕ್ಕೊಂದು ಟೇಬಲ್ ಮ್ಯಾಲ ಬರ್ತಾವ.

ಕಡಲತಡಿ_ಸವಾರ
ಸಿಕ್ಕಿತು ಮಾರಾಯ್ರೆ. ಹ್ಯಾಂಡಲ್ ನೆಟ್ಟಗಿರುವಾಗ ಎಂತ ಇಲ್ಲ. ಪೂರ್ತಿ ಬಲಕ್ಕೆ ತಿರುಗಿಸಿ ಸ್ವಲ್ಪ ನೀರು ಚಿಮುಕಿಸಿದ್ರೆ ಬಲ್ಬ್ ಪೂರ್ತಿ. ಮುಂದಿನ ಪ್ಲಾಸ್ಟಿಕ್ ಬಿಚ್ಚಿದೆ. ಹ್ಯಾಂಡಲ್ ಕಂಬ ಫ್ರೇಮಿಗೆ ಸೇರುವಲ್ಲಿ ವೈರ್ ಕಟ್ಟು ತಗಡಿನ ಅಂಚಿಗೆ ಉಜ್ಜಿ ಎರಡು ತಂತಿಯ ಸಿಪ್ಪೆ ಹೋಗಿದೆ. ಒಂದರಲ್ಲಿ ಅರ್ಧ ಎಳೆ ಮಾತ್ರ ಉಳಿದದ್ದು. ಅಲ್ಲಿರಬೇಕಾದ ಕ್ಲ್ಯಾಂಪೇ ಇಲ್ಲ! ಮುಂಚೆ ಯಾರೋ ಬಿಚ್ಚಿ ಹಾಕುವಾಗ ಬಿಟ್ಟಿದ್ದಾರೆ. ಟೇಪ್ ಸುತ್ತಿದ್ರೆ ಸಾಕಾ?

ಪೀಣ್ಯ_ವೈಂಡಿಂಗ್
ಕರಿ ಇನ್ಸುಲೇಷನ್ ಟೇಪ್ ಒಂದು ಬೇಸಿಗೆಗೆ ಅಂಟು ಬಿಟ್ಟು ಜಾರುತ್ತೆ, ನೀರು ಒಳಗೆ ಹಿಡಿದಿಟ್ಟುಕೊಳ್ಳುತ್ತೆ. ಹಾಳಾದ ತುಂಡು ಕತ್ತರಿಸಿ, ಅದೇ ದಪ್ಪದ ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದ್ರೆ ಬಿಗಿಯಾಗಿ ಕುಗ್ಗೋದು). ಟ್ಯೂಬನ್ನ ತಂತಿಗೆ ಮೊದಲೇ ಏರಿಸ್ಕೊಂಡು ಆಮೇಲೆ ಬೆಸುಗೆ, ಇಲ್ಲಾಂದ್ರೆ ಮತ್ತೆ ಕತ್ತರಿಸಬೇಕಾಗತ್ತೆ. ಎಲ್ಲರೂ ಒಮ್ಮೆ ಮಾಡೋ ತಪ್ಪು.

ಮೀಟರ್_ಮಾಮ
ಬೆಸುಗೆ ಬೇಡ ಎನ್ನುತ್ತೇನೆ. ತವರ ಎಳೆಗಳ ನಡುವೆ ಹರಿದು ತಂತಿ ಕಡ್ಡಿಯಾಗುತ್ತದೆ. ಅದು ದಿನಕ್ಕೆ ನೂರು ಸಲ ಬಾಗುವ ಜಾಗ. ಗಟ್ಟಿಯಾದ ಭಾಗ ಮುಗಿಯುವ ಗೆರೆಯಲ್ಲೇ ತುಂಡಾಗುತ್ತದೆ. ಸರಿಯಾದ ಒತ್ತು ಇಕ್ಕಳದಲ್ಲಿ (ಕ್ರಿಂಪಿಂಗ್ ಟೂಲ್) ಸ್ಲೀವ್, ಅಂದರೆ ತಂತಿಯ ತುದಿಗಳನ್ನು ಸೇರಿಸುವ ಲೋಹದ ಕೊಳವೆ, ಒತ್ತಿ.

ಪೀಣ್ಯ_ವೈಂಡಿಂಗ್
ಊರಲ್ಲಿ ಎಷ್ಟು ಜನರ ಹತ್ತಿರ ಸರಿಯಾದ ಒತ್ತು ಇಕ್ಕಳ ಇದೆ ಮಾಮ? ಕಟಿಂಗ್ ಪ್ಲೇಯರಲ್ಲಿ ಜಜ್ಜಿದ ಸ್ಲೀವ್‌ಗಿಂತ ಬೆಸುಗೆ ಸಾವಿರ ಪಾಲು ವಾಸಿ.

ಶಿರಸಿ_ಮಳೆನಾಡು
ಇಬ್ಬರೂ ಸರಿ. ಜೋಡಣೆ ಬಾಗುವ ಜಾಗದಲ್ಲಿ ಬರದಂತೆ ಮಾಡಿದರೆ ಜಗಳವೇ ಇಲ್ಲ. ಹೊಸ ತಂತಿ ಒಂದಡಿ ಉದ್ದದ್ದು ಹಾಕಿ, ಎರಡೂ ಗಂಟುಗಳು ಕಂಬದಿಂದ ಆಚೆ, ಫ್ರೇಮಿಗೆ ಕಟ್ಟಿದ ಭಾಗದಲ್ಲಿ ಬರಲಿ. ಎರಡು ಗಂಟು ಅಕ್ಕಪಕ್ಕ ಬೇಡ, ಹಿಂದೆ ಮುಂದೆ ಇರಲಿ. ತಗಡಿನ ಅಂಚಿಗೆ ಸೈಕಲ್ ಟ್ಯೂಬ್ ಸೀಳಿ ಕೂರಿಸಿ. ಕಟ್ಟಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ತಂತಿ ಬಿಗಿಯಬಾರದು, ಉಜ್ಜಬಾರದು. ಅದಾದ ಮೇಲೆ ಮತ್ತೆ ಟೆಸ್ಟ್ ಬಲ್ಬ್ ಇಟ್ಟು ನೋಡಿಯೇ ಫ್ಯೂಸ್ ಹಾಕಿ.

ತುಮಕೂರು_ತೆಂಗು
ನಮ್ಮ ಕಡೆ ಉಪ್ಪುಗಾಳಿ ಇಲ್ಲ, ಇಲಿ ಇದೆ. ಮುಂದಿನ ಪ್ಲಾಸ್ಟಿಕ್ ಒಳಗೆ ತೆಂಗಿನ ನಾರು ತಂದು ಗೂಡು ಕಟ್ಟುತ್ತೆ, ತಂತಿ ಸಿಪ್ಪೆ ಸುಲಿಯುತ್ತೆ. ಔಷಧ ಏನಾದರೂ?

ಶಿರಸಿ_ಮಳೆನಾಡು
ಇಲಿ ಬಿಡಿ, ಇರುವೆ ನೋಡಿದ್ದೀರಾ? ಹಾರ್ನ್ ಸ್ವಿಚ್ ಒಳಗೆ ಮೊಟ್ಟೆ ಇಟ್ಟು ಕಾಂಟ್ಯಾಕ್ಟ್ ಸೇರದಂತೆ ಮಾಡುತ್ತವೆ. ಬ್ರೇಕ್ ಸ್ವಿಚ್ಚಿಗೆ ಹೊಕ್ಕರೆ ಸೆಲ್ಫೇ ಇಲ್ಲ, ಯಾಕೆಂದರೆ ಬ್ರೇಕ್ ಸ್ವಿಚ್ ಸೇರಿದರೆ ಮಾತ್ರ ಸೆಲ್ಫ್ ರಿಲೇಗೆ ಕರೆಂಟ್. ಹಾರ್ನ್ ಜೋರಾಗಿದ್ದೂ ಸೆಲ್ಫ್ ಒತ್ತಿದಾಗ ಟಿಕ್ ಶಬ್ದವೇ ಬರದಿದ್ದರೆ, ಬ್ರೇಕ್ ಹಿಡಿದು ಹಿಂದಿನ ಲೈಟ್ ನೋಡಿ. ಉರಿಯದಿದ್ದರೆ ಆ ಸ್ವಿಚ್ಚೇ. ಆ ಒಂದು ಸಣ್ಣ ಸ್ವಿಚ್ಚಿಗೆ ಜನ ಸೆಲ್ಫ್ ಮೋಟಾರ್ ಬಿಚ್ಚಿಸುತ್ತಾರೆ.

ಜಯನಗರ_ನಾಲ್ಕನೇ_ಬ್ಲಾಕ್
ಹೆಡ್‌ಲೈಟ್ ಬಲ್ಬ್ ಪದೇ ಪದೇ ಹೋಗೋದಕ್ಕೆ ಎಲ್‌ಇಡಿ ಹಾಕಿಸಿ ಅಂತ ಯಾರೂ ಹೇಳ್ಲಿಲ್ವಲ್ಲ?

ಪೀಣ್ಯ_ವೈಂಡಿಂಗ್
ಇವರದ್ದು ಎಸಿ ಹೆಡ್‌ಲೈಟ್. ಡಿಸಿಗೆ ಮಾಡಿದ ಅಗ್ಗದ ಎಲ್‌ಇಡಿ ಹಾಕಿದ್ರೆ ಐಡಲಲ್ಲಿ ಮಿಣಮಿಣ ಅನ್ನತ್ತೆ, ಬೇಗ ಸಾಯತ್ತೆ. ಅದಕ್ಕೆ ಕೆಲವರು ಹೆಡ್‌ಲೈಟ್ ಲೈನ್ ಕತ್ತರಿಸಿ ಬ್ಯಾಟರಿಗೆ ಕೊಡ್ತಾರೆ. ಹಳೇ 35 ವಾಟಿನ ಬಲ್ಬೇ ಹಾಗೆ ಕೊಟ್ರೆ ಸುಮಾರು 3 ಆಂಪಿಯರ್ ಎಳೆಯತ್ತೆ, ಈ ಗಾಡಿಗಳ ಚಾರ್ಜಿಂಗ್ ಕಾಯಿಲ್‌ಗೆ ಅಷ್ಟು ತಾಕತ್ತಿಲ್ಲ. ರಾತ್ರಿ ಒಂದು ಗಂಟೆ ಓಡಿಸಿದ್ರೆ ಬ್ಯಾಟರಿ ಅರ್ಧ. 2017ರ ಏಪ್ರಿಲ್ ಆದಮೇಲಿನ ಗಾಡಿಗಳಲ್ಲಿ ಇಂಜಿನ್ ಓಡುವಾಗ ಹೆಡ್‌ಲೈಟ್ ಸದಾ ಉರಿಯಲೇಬೇಕು ಅಂತ ನಿಯಮ ಬಂತು. ಹಳೇ ಗಾಡಿ ಲೆಕ್ಕ ಅವಕ್ಕೆ ಹಾಕಬೇಡಿ.

ಮೀಟರ್_ಮಾಮ
2020ರಿಂದ ಬಂದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳಿಗೂ ಈ ಥ್ರೆಡ್ ಹಾಗೆಯೇ ಅನ್ವಯಿಸಬೇಡಿ. ಅವುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್, ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪೇ ತಿರುಗುವುದಿಲ್ಲ. ಕೆಲವಕ್ಕೆ ಕಿಕ್ಕೂ ಇಲ್ಲ. ಕೀ ಆಫ್ ಇದ್ದಾಗಿನ ಲೀಕೂ ಅವುಗಳಲ್ಲಿ ತುಸು ಜಾಸ್ತಿ ಇರುತ್ತದೆ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ‘ಚಾರ್ಜಿಂಗ್ ಇದೆಯಾ’ ಎಂದು ನೋಡುವ ಹಳೇ ಚಟ ಅಲ್ಲಿ ಇಸಿಯುಗೇ (ಇಂಜಿನ್ ನಡೆಸುವ ಕಂಪ್ಯೂಟರ್) ಕೊಳ್ಳಿ ಇಡುತ್ತದೆ.

ಕಡಲತಡಿ_ಸವಾರ
ಎರಡೂ ಕೆಲಸ ಆಯ್ತು. ಹೊಸ ಕಪ್ಲರ್, ಬ್ಯಾಟರಿಗೆ ನೇರ ಅರ್ಥ್ ತಂತಿ. ಈಗ ಆರ್‌ಆರ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ 0.05. ರೇಸ್ ಕೊಟ್ಟಾಗ 14.2. ಆರ್‌ಆರ್ ಹಳೆಯದ್ದೇ. ವೈರ್ ಸೇರಿಸಿ ಕ್ಲ್ಯಾಂಪ್ ಹಾಕಿದೆ, ಹ್ಯಾಂಡಲ್ ಹೇಗೆ ತಿರುಗಿಸಿದ್ರೂ ಟೆಸ್ಟ್ ಬಲ್ಬ್ ತಣ್ಣಗೆ. ಉಬ್ಬಿದ ಬ್ಯಾಟರಿ ಚಾರ್ಜ್ ಮಾಡಿ ಉಳಿಸ್ಲಿಕ್ಕೆ ಆಗ್ತದಾ?

ಮೀಟರ್_ಮಾಮ
ಇಲ್ಲ. ಓವರ್‌ಚಾರ್ಜಿನಲ್ಲಿ ಒಳಗಿನ ನೀರು ಅನಿಲವಾಗಿ ವಾಲ್ವಿನಿಂದ ಹೋಗಿದೆ, ಸೀಲ್ಡ್ ಬ್ಯಾಟರಿಗೆ ಮತ್ತೆ ತುಂಬಲು ಬರುವುದಿಲ್ಲ. ಈಗ ಹೊಸದು ಹಾಕಬಹುದು, 4 ಎಎಚ್‌ನದ್ದೇ. ಕೊಳ್ಳುವಾಗ ತಯಾರಿಕೆಯ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಹಿಡಿದು 12.6ಕ್ಕಿಂತ ಕಡಿಮೆ ಇದ್ದರೆ ಬೇರೆ ಕೇಳಿ. ಮನೆಯಲ್ಲಿ ಚಾರ್ಜ್ ಮಾಡುವುದಾದರೆ 0.4 ಆಂಪಿಯರ್, ಕಾರಿನ ಚಾರ್ಜರ್ ಹತ್ತಿರವೂ ತರಬೇಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಹುಬ್ಬಳ್ಳಿ_ಆಟೋ_ಎಲೆಕ್ಟ್ರಿಕ್
ಹಳೇದು ಅಂಗಡ್ಯಾಗ ವಾಪಸ್ ಕೊಡ್ರಿ, ಸೀಸಕ್ಕ ಒಂದಿಷ್ಟು ರೊಕ್ಕ ಬಿಡತಾರ. ಮಳಿಗಾಲ ಮುಗಿದ ಮ್ಯಾಲ ಒಮ್ಮೆ ಆ ಕಪ್ಲರ್ ಬಿಚ್ಚಿ ನೋಡ್ರಿ, ಮತ್ತ ಹಸಿರು ಕಂಡ್ರ ಇಲ್ಲೇ ಬರದು ಹಾಕ್ರಿ.

ತುಮಕೂರು_ತೆಂಗು
ಎಲ್ಲರಿಗೂ ಉತ್ತರ ಸಿಕ್ತು, ನನ್ನ ಇಲಿಗೆ ಮಾತ್ರ ಯಾರೂ ಹೇಳಲಿಲ್ಲ.